ಹೆಬ್ಬೆರಳು ನೋಡುವ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಕಾರು ಕಲಿಸುವವರು. ಇಪ್ಪತ್ತೆರಡು ವರ್ಷಗಳಿಂದ ಅವರು ಕಲಿಯುವವರ ಪಕ್ಕದ ಸೀಟಿನಲ್ಲೇ ಕೂತು ಬದುಕು ಸಾಗಿಸಿದ್ದಾರೆ. ಆ ಸೀಟಿನ ಮುಂದೆ ಕಾಲಡಿಯಲ್ಲೂ ಒಂದು ಬ್ರೇಕು ಇದೆ, ಅದು ಅವರದ್ದು. ಹೀಗಾಗಿ ಅವರಿಗೊಂದು ಅಭ್ಯಾಸ ಅಂಟಿಕೊಂಡಿದೆ. ಬಸ್ಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರೂ ಎದುರಿಗೆ ಏನಾದರೂ ಅಡ್ಡ ಬಂದರೆ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾರೆ. ಟಿವಿಯಲ್ಲಿ ಕಾರುಗಳು ಬೆನ್ನಟ್ಟುವ ದೃಶ್ಯ ಬಂದರೂ ಹಾಗೇ ಮಾಡುತ್ತಾರೆ, ಅದರಿಂದಲೇ ಸೋಫಾದ ಮುಂದಿನ ಚಾಪೆ ಒಂದೇ ಕಡೆ ಸವೆದಿದೆ ಎಂದು ದೊಡ್ಡಪ್ಪ ಹೇಳುತ್ತಾರೆ. ನಾನು ಬಗ್ಗಿ ನೋಡಿದೆ. ಚಾಪೆ ಸವೆದಿರುವುದು ನಿಜ. ಕಾರಣ ಅದೇನಾ ಎಂದು ನಾನು ಖಚಿತವಾಗಿ ಹೇಳಲಾರೆ.

ದೊಡ್ಡಪ್ಪನದು ಕನ್ನಡಕದ ಅಂಗಡಿ. "ನಾನು ಜನರ ಕಣ್ಣು ನೋಡ್ತೀನಿ, ಇವಳು ಕಾಲು ನೋಡ್ತಾಳೆ. ನಡುವೆ ಇರೋದನ್ನ ಡಾಕ್ಟರು ನೋಡ್ಕೋಬೇಕು" ಎಂಬುದು ಅವರ ಹಳೆಯ ಮಾತು. ಅದರಲ್ಲಿ ಸತ್ಯವಿದೆ. ಪಾಠ ಹೇಳುವಾಗ ದೊಡ್ಡಮ್ಮ ರಸ್ತೆಯನ್ನು ಅಷ್ಟಾಗಿ ನೋಡುವುದಿಲ್ಲ. ಕಲಿಯುವವರ ಕಾಲುಗಳನ್ನು ನೋಡುತ್ತಾರೆ. ಕಾರು ಎಲ್ಲಿಗೆ ಹೋಗಲಿದೆ ಎಂಬುದು ಕಾರಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದಂತೆ.

ಅವರು ರೋಬೋ ಪಂದ್ಯಗಳ ರೆಫರಿ ಆದದ್ದೂ ಇದರಿಂದಲೇ. ಲೈಸೆನ್ಸಿನ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ ನಾಲ್ಕನೆಯ ಸಲ ಪಾಸಾದ ಒಬ್ಬ ಮೇಷ್ಟ್ರು ಅವರ ಶಿಷ್ಯ. ಶಾಲೆಯಲ್ಲಿ ಮಕ್ಕಳಿಗೆ ರೋಬೋ ಕಟ್ಟುವುದನ್ನು ಕಲಿಸುವುದರಿಂದ ಅವರನ್ನು ಎಲ್ಲರೂ ರೋಬೋ ಮೇಷ್ಟ್ರು ಎನ್ನುತ್ತಾರೆ. ಪಾಸಾದ ಮರುದಿನವೇ ಅವರು ಮನೆಗೆ ಬಂದರು.

"ಮೇಡಂ, ನಮ್ಮ ಪಂದ್ಯಾವಳಿಗೆ ಒಬ್ಬರು ರೆಫರಿ ಬೇಕು. ನೀವೇ ಆಗಬೇಕು."

"ನನಗೆ ರೋಬೋ ಗೀಬೋ ಏನೂ ಗೊತ್ತಿಲ್ಲಪ್ಪ."

"ರೋಬೋ ಗೊತ್ತಿರೋರು ನಮ್ಮಲ್ಲಿ ಹನ್ನೊಂದು ಜನ ಇದ್ದಾರೆ. ಗುದ್ದೋದು ಗೊತ್ತಿರೋರು ಒಬ್ಬರೂ ಇಲ್ಲ."

"ನೀನು ನನ್ನ ಕಾರನ್ನ ಆ ಕಸದ ತೊಟ್ಟಿಗೆ ಗುದ್ದಿದ್ಯಲ್ಲ, ಅದೊಂದೇ ಸಾಕು ನನ್ನ ಜನ್ಮಕ್ಕೆ."

"ಅದನ್ನೇ ಹೇಳ್ತಿರೋದು ಮೇಡಂ. ಅವತ್ತು ಬೈಯೋಕೆ ಮುಂಚೆ ನೀವು 'ಕಾಲು ಎಲ್ಲಿತ್ತು?' ಅಂತ ಕೇಳಿದ್ರಿ. ಬೇರೆ ಯಾರೇ ಆಗಿದ್ರೂ 'ಕಣ್ಣು ಎಲ್ಲಿತ್ತು?' ಅಂತ ಕೇಳ್ತಿದ್ರು."

ದೊಡ್ಡಮ್ಮ ಒಪ್ಪಿಕೊಂಡರು. ನಲವತ್ತಾರು ಪುಟಗಳ ನಿಯಮದ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ ಊಟದ ಮೇಜಿನ ಮೇಲಿಟ್ಟುಕೊಂಡು ಓದಿದರು. ಆಟ ಸುಲಭವಾದದ್ದೇ. ನೆಲದ ಮೇಲೆ ಹಾಸಿದ ರಬ್ಬರ್ ಹಾಸಿನಲ್ಲಿ ಎರಡು ರೋಬೋಗಳು ಎರಡು ನಿಮಿಷ ಓಡಾಡಿ ಉಂಗುರಗಳನ್ನು ಕೊಂಡಿಯಲ್ಲಿ ಹಿಡಿದು ಗೂಟಗಳಿಗೆ ಹಾಕಬೇಕು. ಹೆಚ್ಚು ಹಾಕಿದವರು ಗೆದ್ದಂತೆ. ರೋಬೋ ನಡೆಸುವ ಮಕ್ಕಳು ಗೆರೆಯ ಆಚೆ ನಿಂತಿರುತ್ತಾರೆ. ಎರಡೂ ಕೈಯಲ್ಲಿ ರಿಮೋಟು ಹಿಡಿದು ಅದರ ಮೇಲಿನ ಸಣ್ಣ ಹಿಡಿಯನ್ನು ಹೆಬ್ಬೆರಳಿನಿಂದ ಆಚೆ ಈಚೆ ತಳ್ಳುತ್ತಾರೆ. ಕಷ್ಟವಿರುವುದು ರೋಬೋಗಳು ಗುದ್ದಿಕೊಂಡಾಗ. ತಾಗಿದರೆ ತಪ್ಪಲ್ಲ. ಆಕಸ್ಮಿಕವಾಗಿ ಉರುಳಿಸಿದರೂ ತಪ್ಪಲ್ಲ, ಆಟ ಮುಂದುವರಿಯುತ್ತದೆ. ಆದರೆ ಎದುರಾಳಿಯನ್ನು ಬೇಕೆಂದೇ ಉರುಳಿಸಿದರೆ ಕೆಂಪು ಚೀಟಿ, ಆ ತಂಡ ಪಂದ್ಯಾವಳಿಯಿಂದಲೇ ಹೊರಕ್ಕೆ. ಬೇಕೆಂದೋ ಅಲ್ಲವೋ ಎನ್ನುವುದನ್ನು ರೆಫರಿ ಒಬ್ಬರೇ ತೀರ್ಮಾನಿಸಬೇಕು.

ಆ ವಾರವೆಲ್ಲ ಅವರ ಅಡುಗೆಮನೆಯಲ್ಲಿ ಅಭ್ಯಾಸ ನಡೆಯಿತು.

"ರೀ, ಉಪ್ಪಿನ ಡಬ್ಬಿ ಬಂದು ಸಕ್ಕರೆ ಡಬ್ಬಿಗೆ ಗುದ್ದಿತು. ಈಗ ಹೇಳಿ, ಬೇಕಂತಲೋ, ಆಕಸ್ಮಿಕವೋ?"

"ಬೇಕಂತಲೇ ಕಣೇ. ಅವೆರಡಕ್ಕೂ ಮೊದಲಿಂದ ಆಗಿಬರಲ್ಲ."

"ಹಳೇ ಜಗಳ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಪುಟ ಹದಿನೇಳು."

"ಹಾಗಾದ್ರೆ ನಮ್ಮಿಬ್ಬರ ವಿಷಯದಲ್ಲೂ ಪುಟ ಹದಿನೇಳು ಅನ್ವಯಿಸು."

ಮೊದಲ ಪಂದ್ಯಾವಳಿಯಲ್ಲೇ ದೊಡ್ಡಮ್ಮನಿಗೆ ತಮ್ಮ ದಾರಿ ಸಿಕ್ಕಿತು. ಉಳಿದ ರೆಫರಿಗಳೆಲ್ಲ ರೋಬೋಗಳನ್ನು ನೋಡುತ್ತಿದ್ದರು. ಇವರು ಗೆರೆಯಾಚೆ ನಿಂತ ಮಕ್ಕಳ ಹೆಬ್ಬೆರಳು ನೋಡತೊಡಗಿದರು. "ತಿಳಿಯದೆ ಗುದ್ದಿದವರ ಹೆಬ್ಬೆರಳು ಬಿಸಿ ಪಾತ್ರೆ ಮುಟ್ಟಿದ ಹಾಗೆ ಹಾರುತ್ತೆ. ಬೇಕಂತ ಗುದ್ದಿದವರದ್ದು ಅಲ್ಲೇ ಕೂತಿರುತ್ತೆ, ಹೊಟ್ಟೆ ತುಂಬಾ ಉಂಡು ಕೂತ ಹಾಗೆ" ಎನ್ನುತ್ತಿದ್ದರು. ಆರು ವರ್ಷ ಈ ಲೆಕ್ಕ ತಪ್ಪಲಿಲ್ಲ. ಬೇರೆ ರೆಫರಿಗಳೂ ಅವರಿಂದ ಕಲಿತರು. ಮಕ್ಕಳು ಅವರಿಗೆ ಹೆಬ್ಬೆರಳು ಮೇಡಂ ಎಂದು ಹೆಸರಿಟ್ಟರು. ಒಬ್ಬ ಜಾಣ ರಿಮೋಟಿನ ಮೇಲೆ ಕರವಸ್ತ್ರ ಮುಚ್ಚಿಕೊಂಡು ಬಂದಿದ್ದ. "ನೆಗಡಿ ನಿನಗೋ ರಿಮೋಟಿಗೋ?" ಎಂದು ಕೇಳಿ ದೊಡ್ಡಮ್ಮ ಅದನ್ನು ಮಡಚಿ ಅವನ ಜೇಬಿಗೇ ಇಟ್ಟರು.

ಇನ್ನು ಈ ವರ್ಷದ ಸೆಮಿಫೈನಲ್ ವಿಷಯ. ನಾನು ಮತ್ತು ದೊಡ್ಡಪ್ಪ ಮೊದಲ ಸಾಲಿನಲ್ಲೇ ಕೂತಿದ್ದರಿಂದ ಇದನ್ನೆಲ್ಲ ಕಣ್ಣಾರೆ ಕಂಡು ಕಿವಿಯಾರೆ ಕೇಳಿ ಬರೆಯುತ್ತಿದ್ದೇನೆ. ನಮ್ಮ ಕಿವಿಗೆ ಬೀಳದ್ದನ್ನು ದೊಡ್ಡಮ್ಮನ ಹತ್ತಿರ ಎರಡೆರಡು ಸಲ ಕೇಳಿ ತಿಳಿದುಕೊಂಡಿದ್ದೇನೆ.

ಪಂದ್ಯ ನಡೆದದ್ದು ಶಾಲೆಯ ಒಳಾಂಗಣ ಆಟದ ಸಭಾಂಗಣದಲ್ಲಿ. ಎಲ್ಲಿ ನೋಡಿದರೂ ನೆಲಕ್ಕೆ ಟೇಪು ಹಚ್ಚಿ ಕೂರಿಸಿದ ವೈರುಗಳು, ಚಾರ್ಜಿಗೆ ಹಾಕಿದ ಬ್ಯಾಟರಿಗಳು, ಮಡಚುವ ಕುರ್ಚಿಗಳು. ಒಂದು ಕಡೆ ಟ್ರಂಕು ಎಂಬ ಹೆಸರಿನ ರೋಬೋ. ಎತ್ತರ, ಚೌಕಾಕಾರ, ನಿಜಕ್ಕೂ ಟ್ರಂಕನ್ನು ಎತ್ತಿ ನಿಲ್ಲಿಸಿದ ಹಾಗೇ ಇತ್ತು. ಅದನ್ನು ನಡೆಸುವವನು ಬಾಯಿಬಡುಕ ಹುಡುಗ, ತಂಡದ ನಾಯಕ. ಇನ್ನೊಂದು ಕಡೆ ಏಡಿ. ಕುಳ್ಳಗೆ, ಅಗಲವಾಗಿ, ಒಂದೇ ಕೊಂಡಿಯ ರೋಬೋ. ಅದನ್ನು ನಡೆಸುವವಳು ಎರಡು ಜಡೆಯ ಒಬ್ಬ ಹುಡುಗಿ. ಅವಳ ದನಿ ಹೇಗಿದೆ ಎಂದು ಅವಳ ತಂಡದವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಏಡಿಯ ತಂಡದವರಿಗೆಲ್ಲ ವಯಸ್ಸು ಮೀರುತ್ತಿತ್ತು. ಅವರಿಗೆ ಇದೇ ಕೊನೆಯ ಪಂದ್ಯಾವಳಿ.

ಏಡಿಯ ಬಗ್ಗೆ ಒಂದು ಸಂಗತಿ ನಮಗೆ ಆಮೇಲೆ ಗೊತ್ತಾಯಿತು. ಆದರೆ ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ಆ ತಂಡಕ್ಕೆ ಪ್ರೋಗ್ರಾಂ ಬರೆದುಕೊಟ್ಟ ಹುಡುಗ ಮೂರು ತಿಂಗಳ ಹಿಂದೆ ಅಪ್ಪನಿಗೆ ವರ್ಗವಾಯಿತೆಂದು ಬೇರೆ ಊರಿಗೆ ಹೋದ. ಲ್ಯಾಪ್‌ಟಾಪು ಅವನದ್ದೇ, ಅದೂ ಹೋಯಿತು. ಅವನು ಹೋದ ಮೇಲೆ ಏಡಿಯ ಮುಂಭಾಗ ಭಾರವಾಗಿ ಮುಗ್ಗರಿಸತೊಡಗಿತು. ಉಳಿದ ಮಕ್ಕಳು ಕೊಂಡಿಯನ್ನು ಬಿಚ್ಚಿ ಹಿಂಭಾಗಕ್ಕೆ ಜೋಡಿಸಿದರು. ಪ್ರೋಗ್ರಾಂ ಬದಲಿಸಲು ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಕೊಂಡಿ ಉಂಗುರದ ಕಡೆಗೆ ಹೋಗಬೇಕಾದರೆ ಹುಡುಗಿ ಹಿಡಿಯನ್ನು ತನ್ನ ಕಡೆಗೆ ಎಳೆಯಬೇಕು. ದೂರ ಸರಿಯಬೇಕಾದರೆ ಮುಂದಕ್ಕೆ ತಳ್ಳಬೇಕು. ಮೂರು ತಿಂಗಳು ಅವಳು ಹೀಗೆ ಉಲ್ಟಾ ನಡೆಸುವುದನ್ನೇ ಅಭ್ಯಾಸ ಮಾಡಿದ್ದಳು. ಬೆಳಗಿನಿಂದ ಏಡಿಯ ಆಟಗಳೆಲ್ಲ ಇನ್ನೊಂದು ಹಾಸಿನಲ್ಲಿ, ಇನ್ನೊಬ್ಬ ರೆಫರಿಯ ಮುಂದೆ ನಡೆದಿದ್ದವು. ದೊಡ್ಡಮ್ಮ ಅದನ್ನು ನೋಡಿದ್ದು ಆಗಲೇ ಮೊದಲು. ಕೊಂಡಿ ಇರುವ ಕಡೆಯೇ ಮುಂದೆ ಎಂದು ಅವರು ತಿಳಿದರು. ಆರು ವರ್ಷದಲ್ಲಿ ಎಲ್ಲ ರೋಬೋಗಳೂ ಹಾಗೇ ಇದ್ದವು.

ಎಂಟು ಸೆಕೆಂಡು ಉಳಿದಿತ್ತು. ಟ್ರಂಕು ಹಾಕಿದ್ದು ಹನ್ನೆರಡು ಉಂಗುರ, ಏಡಿ ಹಾಕಿದ್ದು ಹದಿಮೂರು. ಏಡಿ ಕೊಂಡಿ ತೆರೆದುಕೊಂಡು ಇನ್ನೊಂದು ಉಂಗುರದ ಕಡೆಗೆ ಭರ್ರೆಂದು ಹೋಗುತ್ತಿತ್ತು. ಟ್ರಂಕು ಪಕ್ಕದಿಂದ ಅಡ್ಡ ಬಂತು. ಹುಡುಗಿಯ ಹೆಬ್ಬೆರಳು ಸರಕ್ಕನೆ ಪೂರ್ತಿ ಮುಂದಕ್ಕೆ ಹೋಯಿತು. ಏಡಿ ಧಡ್ ಎಂದು ಗುದ್ದಿತು. ಟ್ರಂಕು ಒಂದು ಕ್ಷಣ ಯೋಚಿಸಿದಂತೆ ವಾಲಿ ಆಮೇಲೆ ಮಗುಚಿಕೊಂಡಿತು.

ಹುಡುಗಿಯ ಹೆಬ್ಬೆರಳು ಅಲ್ಲೇ ಒತ್ತಿಕೊಂಡಿತ್ತು. ದೊಡ್ಡಮ್ಮ ನೋಡಿದ್ದು ಅದನ್ನೇ. ಹೊತ್ತು ಮುಗಿದದ್ದೇ ಕೆಂಪು ಚೀಟಿ ಎತ್ತಿದರು.

ಟ್ರಂಕಿನವರು ಕುಣಿದಾಡಿದರು. ಏಡಿಯವರು ಮುಖ ಸಪ್ಪೆ ಮಾಡಿಕೊಂಡು ನಿಂತರು. ನನ್ನ ಪಕ್ಕದಲ್ಲಿ ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ, "ಆ ಮಗು ಬೇಕಂತ ಮಾಡೋ ಹಾಗೆ ಕಾಣಲ್ಲಪ್ಪ" ಎಂದರು. ಮುಖ ಹೇಗೆ ಕಾಣುತ್ತದೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ನನಗೆ ಗೊತ್ತಿತ್ತು. ಅದೂ ಪುಟ ಹದಿನೇಳರಲ್ಲೇ ಇದೆ.

ಈ ಪಂದ್ಯಗಳಲ್ಲಿ ಒಂದು ಪದ್ಧತಿ ಇದೆ. ನೆಲದ ಮೇಲೆ ಹಳದಿ ಟೇಪಿನಲ್ಲಿ ಒಂದು ಚೌಕ ಹಾಕಿರುತ್ತಾರೆ. ಅದಕ್ಕೆ ಪ್ರಶ್ನೆಯ ಚೌಕ ಎನ್ನುತ್ತಾರೆ. ತೀರ್ಪು ಒಪ್ಪದವರು ಅಲ್ಲಿ ಬಂದು ನಿಂತು ರೆಫರಿಯನ್ನು ಕೇಳಬಹುದು. ಆದರೆ ರೋಬೋ ನಡೆಸಿದ ವಿದ್ಯಾರ್ಥಿ ಮಾತ್ರ ನಿಲ್ಲಬೇಕು. ದೊಡ್ಡವರು ಬಾಯಿ ಹಾಕುವಂತಿಲ್ಲ. ವಿಡಿಯೋ ತೋರಿಸುವಂತಿಲ್ಲ. ಆಟ ಮುಗಿದ ಮೇಲೆ ರೋಬೋವನ್ನೂ ಸಾಕ್ಷಿಗೆ ಕರೆಯುವಂತಿಲ್ಲ, ಅಷ್ಟರಲ್ಲಿ ಯಾರಾದರೂ ಅದರೊಳಗೆ ಕೈಯಾಡಿಸಿರಬಹುದು. ಮುಂದಿನ ಆಟದ ಗಂಟೆ ಬಾರಿಸುವವರೆಗೆ, ಅಂದರೆ ನಾಲ್ಕು ನಿಮಿಷ, ತೀರ್ಪು ಬದಲಿಸಬಹುದು. ಗಂಟೆ ಬಾರಿಸಿದ ಮೇಲೆ ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ.

ಎರಡು ಜಡೆಯ ಹುಡುಗಿ ಬಂದು ಚೌಕದಲ್ಲಿ ನಿಂತಳು. ನಿಂತಳು ಅಷ್ಟೇ.

"ಹೇಳಮ್ಮ" ಎಂದರು ದೊಡ್ಡಮ್ಮ.

ಹುಡುಗಿ ಕಾಲಬುಡದ ಹಳದಿ ಟೇಪನ್ನೇ ನೋಡಿದಳು. ಅರ್ಧ ನಿಮಿಷ ಹೋಯಿತು. ಹಿಂದಿನ ಸಾಲಿನಿಂದ ಅವಳ ತಾಯಿ ಎದ್ದು ನಿಂತು ಕೂಗಿದರು.

"ಬಾಯಿ ಬಿಡೇ! ಮನೇಲಿ ತಮ್ಮನ ಹತ್ರ ಜಗಳ ಆಡುವಾಗ ಎಲ್ಲಿಂದ ಬರುತ್ತೆ ಮಾತು?"

"ತಾಯಿಯವರೇ, ನೀವು ಚೌಕದೊಳಗಿಲ್ಲ."

"ಒಳಗಿರೋಳು ಮಾತಾಡಲ್ಲ, ಹೊರಗಿರೋರು ಮಾತಾಡೋ ಹಾಗಿಲ್ಲ. ಇದೆಂಥ ನ್ಯಾಯ ರೀ ನಿಮ್ಮದು!"

"ನಲವತ್ತಾರು ಪುಟದ್ದು, ನಾನು ಬರೆದಿದ್ದಲ್ಲ. ಕೂತ್ಕೊಳ್ಳಿ."

ಹಾಗೆ ಹೇಳಿದರೂ ದೊಡ್ಡಮ್ಮ ಹುಡುಗಿಯನ್ನು ಬಿಟ್ಟು ಹೋಗಲಿಲ್ಲ. ಕಾರು ಕಲಿಯಲು ಬರುವವರಲ್ಲೂ ಇಂಥವರು ಇರುತ್ತಾರೆ ಎಂದು ಅವರು ನನಗೆ ಆಮೇಲೆ ಹೇಳಿದರು. ಏನಾಯಿತು ಎಂದು ಕೇಳಿದರೆ ಅಂಥವರು ಹೇಳಲಾರರು. ತೋರಿಸು ಎಂದರೆ ತೋರಿಸುತ್ತಾರೆ. ಹುಡುಗಿಯ ಕೈಯಲ್ಲಿ ರಿಮೋಟು ಇನ್ನೂ ಇತ್ತು, ಆದರೆ ಏಡಿಯನ್ನು ಆಗಲೇ ಹೊತ್ತೊಯ್ದು ಬ್ಯಾಟರಿ ಕಳಚಿದ್ದರು.

"ಸರಿ ಮಗೂ, ಮಾತು ಬೇಡ" ಎಂದರು ದೊಡ್ಡಮ್ಮ. "ನಾನೇ ಏಡಿ. ಇಗೋ ಇದು ನನ್ನ ಕೊಂಡಿ." ಬಲಗೈಯನ್ನು ಮುಂದೆ ಚಾಚಿ ಬೆರಳುಗಳನ್ನು ತೆರೆದು ಮುಚ್ಚಿದರು. "ಆಗ ಹೇಗೆ ನಡೆಸಿದೆಯೋ ಈಗ ನನ್ನನ್ನ ಹಾಗೇ ನಡೆಸು."

ದೊಡ್ಡಮ್ಮ ಸ್ವಲ್ಪ ದಪ್ಪ. ಕಪ್ಪು ಬಿಳಿ ಪಟ್ಟೆಯ ರೆಫರಿ ಅಂಗಿಯಲ್ಲಿ ಇನ್ನೂ ಸ್ವಲ್ಪ ದಪ್ಪ ಕಾಣುತ್ತಾರೆ. ಸಭಾಂಗಣ ಗೊಳ್ಳೆಂದಿತು. ದೊಡ್ಡಪ್ಪ ನನ್ನ ಕಡೆ ಬಾಗಿ, "ಮೂವತ್ತು ವರ್ಷದಿಂದ ನಾನು ಪ್ರಯತ್ನ ಪಡ್ತಿದ್ದೀನಿ, ನನ್ನ ಮಾತು ಕೇಳಿ ಒಂದು ಹೆಜ್ಜೆ ಇಟ್ಟಿಲ್ಲ" ಎಂದರು.

ಹುಡುಗಿ ಹೆಬ್ಬೆರಳನ್ನು ಮುಂದಕ್ಕೆ ತಳ್ಳಿದಳು. ದೊಡ್ಡಮ್ಮ ಕೈಚಾಚಿಕೊಂಡು ಅವಳ ಕಡೆಗೆ ನಡೆದರು. ಹುಡುಗಿ ಜಡೆ ಹಾರುವಂತೆ ತಲೆಯಾಡಿಸಿದಳು. ದೊಡ್ಡಮ್ಮ ನಿಂತರು. ಮತ್ತೆ ಹೆಬ್ಬೆರಳು ಮುಂದೆ, ಮತ್ತೆ ದೊಡ್ಡಮ್ಮ ಮುಂದೆ, ಮತ್ತೆ ಜಡೆಗಳು ಆಚೆ ಈಚೆ.

"ನಡೆದಿದ್ದು ತಪ್ಪಾ?"

ಅಲ್ಲ ಎಂದು ತಲೆ.

"ಮತ್ತೇನು ತಪ್ಪು?"

"ಕೈ" ಎಂದಳು ಹುಡುಗಿ.

ಅವಳ ದನಿ ಸಣ್ಣದಲ್ಲ, ಸ್ವಲ್ಪ ಒಡಕು ಗಡಸು ದನಿ. ಬಹುಶಃ ಅದಕ್ಕೇ ಮಾತಾಡುತ್ತಿರಲಿಲ್ಲವೋ ಏನೋ.

"ಕೈಗೇನಾಗಿದೆ?"

"ಕೈ ಹಿಂದೆ, ಮೇಡಂ. ನಮ್ಮ ಕೊಂಡಿ ಬೆನ್ನಲ್ಲಿದೆ."

ದೊಡ್ಡಮ್ಮ ಮೆಲ್ಲಗೆ ಬಲಗೈಯನ್ನು ಬೆನ್ನ ಹಿಂದಕ್ಕೆ ತಂದು ಬೆರಳು ತೆರೆದರು. ಹುಡುಗಿ ಹೆಬ್ಬೆರಳನ್ನು ಎಳೆದಳು. ದೊಡ್ಡಮ್ಮ ಹಿಮ್ಮುಖವಾಗಿ, ಕೊಂಡಿ ಮೊದಲಾಗಿ ಹೋದರು. ತಳ್ಳಿದಳು. ಕೊಂಡಿ ದೂರ ಸರಿಯಿತು. ಆಗ ದೊಡ್ಡಮ್ಮನಿಗೆ ಹೊಳೆಯಿತು. ಹೆಬ್ಬೆರಳು ಪೂರ್ತಿ ಮುಂದಿತ್ತು ಎಂದರೆ ಈ ಮಗು ಆಗ ತಪ್ಪಿಸಿಕೊಳ್ಳಲು ನೋಡುತ್ತಿತ್ತು. ಚಕ್ರ ಉಲ್ಟಾ ತಿರುಗಿದರೂ ಏಡಿ ಓಡುವ ರಭಸಕ್ಕೆ ಜಾರಿಕೊಂಡು ಹೋಗಿ ಗುದ್ದಿತ್ತು. ಪೂರ್ತಿ ಬ್ರೇಕು ಒತ್ತಿದರೂ ನುಣ್ಣನೆಯ ರಸ್ತೆಯಲ್ಲಿ ಕಾರು ಜಾರುವ ಹಾಗೆ. ಅದನ್ನು ಅವರು ಜೀವನದಲ್ಲಿ ಎಷ್ಟು ಸಲ ಕಂಡಿಲ್ಲ!

ಆದರೆ ಟ್ರಂಕಿನವರ ಮೇಷ್ಟ್ರು ಎದ್ದು ನಿಂತಿದ್ದರು. "ಮೇಡಂ, ಈಗ ಅವಳು ಏನು ಬೇಕಾದ್ರೂ ಹೇಳಬಹುದು. ತಳ್ಳಿದ್ರೆ ದೂರ ಹೋಗುತ್ತೆ ಅಂತ ಈಗ ನಿಂತ ಜಾಗದಲ್ಲೇ ಹುಟ್ಟಿಸಿದ್ದಿರಬಹುದು."

"ನೀವೂ ಚೌಕದೊಳಗಿಲ್ಲ ಮೇಷ್ಟ್ರೇ" ಎಂದರು ದೊಡ್ಡಮ್ಮ. ಆದರೆ ಅವರ ಮಾತಿನಲ್ಲಿ ಹುರುಳಿದೆ ಎಂದು ದೊಡ್ಡಮ್ಮನಿಗೂ ಅನ್ನಿಸಿತು. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಹತ್ತು ಸೆಕೆಂಡು ಉಳಿದಿತ್ತು.

ಕಾರು ಕಲಿಸುವವರು ಒಂದು ಕೆಲಸ ಮಾಡುತ್ತಾರೆ. ಕಲಿಯುವವರು ನೆಮ್ಮದಿಯಾಗಿ ಓಡಿಸುತ್ತಿರುವಾಗ ಹೇಳದೆ ಕೇಳದೆ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ರಪ್ಪನೆ ಬಡಿಯುತ್ತಾರೆ. ಆಗ ಕಾಲು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾರೆ. ದಿನಗಟ್ಟಲೆ ಅಭ್ಯಾಸವಾದ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಅಭ್ಯಾಸವಿಲ್ಲದ್ದು ಎಲ್ಲೆಲ್ಲಿಗೋ ಹೋಗುತ್ತದೆ. ಆ ಗಾಬರಿಯಲ್ಲಿ ನಾಟಕವಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ದೊಡ್ಡಮ್ಮ ಅಂಕ ಬರೆಯುವ ಮೇಜಿನ ಪಕ್ಕ ಚಹಾ ಕುಡಿಯುತ್ತಾ ನಿಂತಿದ್ದ ರೋಬೋ ಮೇಷ್ಟ್ರ ಕಡೆ ನೋಡಿದರು. "ನೀನು ಅಲ್ಲೇ ನಿಂತಿರಪ್ಪ, ಅಲ್ಲಾಡಬೇಡ" ಎಂದರು. ಹುಡುಗಿಗೆ, "ನನ್ನನ್ನ ಮೇಷ್ಟ್ರ ಹತ್ರ ಕರ್ಕೊಂಡು ಹೋಗು, ಕೊಂಡಿ ಮುಂದಾಗಿ" ಎಂದರು.

ಹುಡುಗಿ ಹೆಬ್ಬೆರಳನ್ನು ಎಳೆದು ಹಿಡಿದಳು. ದೊಡ್ಡಮ್ಮ ಅವಳನ್ನೇ ನೋಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆದರು, ಬೆನ್ನಿನ ಕೈ ತೆರೆದು ಮುಚ್ಚುತ್ತಾ. ಹುಡುಗಿಗೆ ಖುಷಿಯಾಗಿರಬೇಕು, ತುಟಿಯ ಅಂಚಿನಲ್ಲಿ ನಗು ಬಂತು. ಮೇಷ್ಟ್ರಿಗೂ ಅವರಿಗೂ ನಡುವೆ ಎರಡು ಹೆಜ್ಜೆ ಉಳಿದಿತ್ತು. ದೊಡ್ಡಮ್ಮ ಎಡಗೈಯಿಂದ ಮೇಜಿನ ಮೇಲೆ ರಪ್ಪನೆ ಬಡಿದು ಕಿರುಚಿದರು.

"ಗುದ್ದಿತು!"

ಇಡೀ ಸಭಾಂಗಣ ಬೆಚ್ಚಿಬಿತ್ತು. ಹುಡುಗಿಯ ಹೆಬ್ಬೆರಳು ಸರಕ್ಕನೆ ಪೂರ್ತಿ ಮುಂದಕ್ಕೆ ಹೋಗಿ ಅಲ್ಲೇ ಒತ್ತಿ ಹಿಡಿಯಿತು. ಎಂಟು ಸೆಕೆಂಡು ಉಳಿದಿದ್ದಾಗ ಹೋದದ್ದೂ ಹೀಗೇ, ಇದೇ ವೇಗದಲ್ಲಿ. ಅದರ ಜೊತೆಗೆ ಇನ್ನೊಂದೂ ನಡೆಯಿತು. ರೋಬೋ ಮೇಷ್ಟ್ರ ಬಲಗಾಲು ತಾನಾಗಿ ನೆಲಕ್ಕೆ ಒತ್ತಿಕೊಂಡಿತು, ಚಹಾ ಅವರ ಅಂಗಿಗೆ ಚೆಲ್ಲಿತು.

"ಕಾಲು ಸರಿಯಾಗಿದೆ" ಎಂದರು ದೊಡ್ಡಮ್ಮ ಅವರಿಗೆ. "ಕೈ ಇನ್ನೂ ಸ್ವಲ್ಪ ಅಭ್ಯಾಸ ಆಗಬೇಕು."

ಆಮೇಲೆ ಕೆಂಪು ಚೀಟಿಯನ್ನು ಎತ್ತಿ ತೋರಿಸಿ, ಅದನ್ನು ಜೇಬಿಗೆ ಹಾಕಿ, ಮೈಕು ಕೇಳಿ ತೆಗೆದುಕೊಂಡರು. "ನಾನು ನೋಡಿದ್ದು ಸರಿ, ತಿಳ್ಕೊಂಡಿದ್ದು ತಪ್ಪು. ಈ ಹುಡುಗಿ ಗುದ್ದೋದನ್ನ ತಪ್ಪಿಸೋಕೆ ನೋಡ್ತಿದ್ದಳು. ಕೆಂಪು ಚೀಟಿ ವಾಪಸ್. ಏಡಿ ಹದಿಮೂರು, ಟ್ರಂಕು ಹನ್ನೆರಡು."

ಆರು ವರ್ಷದಲ್ಲಿ ಅವರು ತೀರ್ಪು ಬದಲಿಸಿದ್ದು ಅದೇ ಮೊದಲು. ಏಡಿಯ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಎರಡು ಜಡೆಯವಳು ಮಾತ್ರ ರಿಮೋಟನ್ನು ಎದೆಗೆ ಒತ್ತಿಕೊಂಡು ಚೌಕದಿಂದ ಆಚೆ ಬರುವುದನ್ನೇ ಮರೆತು ನಿಂತಿದ್ದಳು. ಅವಳನ್ನು ಸರಿಸಿಕೊಂಡು ಟ್ರಂಕಿನ ನಾಯಕ ಚೌಕದೊಳಗೆ ಬಂದ. ಇನ್ನೂ ಇಪ್ಪತ್ತು ಸೆಕೆಂಡು ಇತ್ತು, ಅದು ಅವನ ಹಕ್ಕು.

"ಮೇಡಂ, ನಮ್ಮದೇನು ತಪ್ಪು?"

"ನಿಮ್ಮದೇನೂ ಇಲ್ಲಪ್ಪ. ತಪ್ಪು ನನ್ನದು."

"ತಪ್ಪು ನಿಮ್ಮದಾದ್ರೆ ಸೋತಿದ್ದು ನಾವ್ಯಾಕೆ?"

"ಅವರು ಒಂದು ಉಂಗುರ ಜಾಸ್ತಿ ಹಾಕಿದ್ರು, ಅದಕ್ಕೆ" ಎಂದರು.

"ಅದನ್ನ ಮೊದಲೇ ಹೇಳಿದ್ರೆ ನಾವು ಅಷ್ಟು ಹೊತ್ತು ಕುಣಿದು ಮಾನ ಕಳ್ಕೊಳ್ತಿರಲಿಲ್ಲ."

"ಅದಕ್ಕೆ ನಿನ್ನ ಹತ್ರ ಕ್ಷಮೆ ಕೇಳ್ತೀನಿ."

ಹುಡುಗ ಯೋಚಿಸಿದ. "ಕ್ಷಮೆ ಯಾವ ಪುಟದಲ್ಲಿದೆ?"

"ಪುಸ್ತಕದಲ್ಲಿಲ್ಲ. ನನ್ನದೇ."

"ಸರಿ ಹಾಗಾದ್ರೆ" ಎಂದು ಅವನು ಕೈ ಕುಲುಕಿ ಹೋದ. ಗಂಟೆ ಬಾರಿಸಿತು.

ಫೈನಲ್ ಶುರುವಾಗುವ ಮುಂಚೆ ದೊಡ್ಡಮ್ಮ ಒಂದು ಹೊಸ ಕೆಲಸ ಮಾಡಿದರು. ಇಬ್ಬರು ಚಾಲಕರನ್ನೂ ಕರೆದು, "ನಿಮ್ಮ ರೋಬೋಗೆ ಮುಂದೆ ಯಾವುದು, ಹಿಂದೆ ಯಾವುದು ಅಂತ ಮೊದಲು ನನ್ನನ್ನ ನಡೆಸಿ ತೋರಿಸಿ" ಎಂದರು. ಎದುರು ತಂಡದ ಹುಡುಗ ಆಸೆಯಿಂದ ಅವರನ್ನು ಸಭಾಂಗಣದ ಸುತ್ತ ಒಂದೂವರೆ ಸುತ್ತು ಹೊಡೆಸಿ, ಕೊನೆಗೆ ಬಾಗಿಲಿನಾಚೆಗೂ ದಾಟಿಸಿದ. ಅವರು ಏದುಸಿರು ಬಿಡುತ್ತಾ ವಾಪಸು ಬಂದರು. ಆಮೇಲೆ ಎರಡು ಜಡೆಯವಳ ಸರದಿ. ಅವಳು ಹೆಬ್ಬೆರಳನ್ನು ಮೆಲ್ಲಗೆ ತನ್ನ ಕಡೆಗೆ ಎಳೆದಳು. ದೊಡ್ಡಮ್ಮ ಬೆನ್ನಿಗೆ ಕೈಯಿಟ್ಟುಕೊಂಡು ಹಿಂದೆ ಹೋದರು. ಇನ್ನೂ ಎಳೆದಳು. ಇನ್ನೂ ಹಿಂದೆ ಹೋದರು. ಮಂಡಿಯ ಹಿಂಭಾಗಕ್ಕೆ ಒಂದು ಕುರ್ಚಿ ತಾಗಿ ದೊಪ್ಪನೆ ಅದರ ಮೇಲೆ ಕೂತುಬಿಟ್ಟರು.

"ಕೂತ್ಕೊಳ್ಳಿ ಮೇಡಂ" ಎಂದಳು ಹುಡುಗಿ ಆ ಗಡಸು ದನಿಯಲ್ಲಿ, ಎಲ್ಲರಿಗೂ ಕೇಳುವಂತೆ. "ಬೆಳಗ್ಗೆಯಿಂದ ನಿಂತೇ ಇದ್ದೀರ."

ಫೈನಲ್‌ನಲ್ಲಿ ಏಡಿ ಸೋತಿತು. ಹನ್ನೊಂದಕ್ಕೆ ಹದಿನೈದು. ನಾನು ಎಣಿಸಿದಂತೆ ರೋಬೋಗಳು ಮೂರು ಸಲ ತಾಗಿದವು. ಮೂರರಲ್ಲೂ ದೊಡ್ಡಮ್ಮ ಮೊದಲು ಕೊಂಡಿ ನೋಡಿ ಆಮೇಲೆ ಹೆಬ್ಬೆರಳು ನೋಡಿದರು. ಯಾರೂ ಪ್ರಶ್ನೆಯ ಚೌಕಕ್ಕೆ ಬರಲಿಲ್ಲ.